ಕೈಗುಣಕ್ಕೂ ಕಾಸು ಬೇಕು

ಹಾಸ್ಟೆಲ್ ಸೇರುವಾಗ ತುಂಬಿಸುವ ಅರ್ಜಿಯಲ್ಲಿ, ವಿಮೆ ಏಜೆಂಟರು ಕೊಡುವ ಫಾರಂನಲ್ಲಿ, ಕೆಲವು ಕಂಪನಿಗಳು ಕೆಲಸಕ್ಕೆ ಸೇರಿದ ದಿನ ಕೊಡುವ ಕಾಗದಗಳಲ್ಲಿ ಒಂದು ಕಾಲಂ ಇರುತ್ತದೆ: ‘ಕುಟುಂಬ ವೈದ್ಯರ ಹೆಸರು ಮತ್ತು ಫೋನ್ ನಂಬರ್’. ರಕ್ತದ ಗುಂಪು ಬರೆಯುತ್ತೇವೆ, ಅಪ್ಪನ ಮೊಬೈಲ್ ನಂಬರ್ ಬರೆಯುತ್ತೇವೆ, ಇಲ್ಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ನನ್ನ ತರಗತಿಯಲ್ಲಿ ಸುಮ್ಮನೆ ಕೇಳಿ ನೋಡಿದೆ. ಒಬ್ಬಳು ತನ್ನೂರಿನ ವೈದ್ಯರೊಬ್ಬರ ಹೆಸರು ಹೇಳಿ, ‘ಅವರು ತೀರಿಕೊಂಡು ಮೂರು ವರ್ಷ ಆಯ್ತು’ ಎಂದಳು. ಒಬ್ಬ ದೊಡ್ಡ ಆಸ್ಪತ್ರೆಯೊಂದರ ಹೆಸರು ಹೇಳಿದ. ಮತ್ತೊಬ್ಬ ಕೈಯಲ್ಲಿದ್ದ ಮೊಬೈಲ್ ಎತ್ತಿ ತೋರಿಸಿ ನಕ್ಕ.

ಆ ಕಾಲಂ ಖಾಲಿ ಬಿಟ್ಟರೆ ಯಾರ ಅರ್ಜಿಯೂ ತಿರಸ್ಕಾರವಾಗುವುದಿಲ್ಲ. ಆದರೆ ಅದು ಖಾಲಿಯಾಗಿರುವುದಕ್ಕೆ ನಾವು ತೆರುತ್ತಿರುವ ಬೆಲೆ ಸಣ್ಣದಲ್ಲ.

ನಮ್ಮ ಹಿರಿಯರ ಬಾಯಲ್ಲಿ ‘ಆ ಡಾಕ್ಟ್ರ ಕೈಗುಣ ಚೆನ್ನಾಗಿದೆ’ ಎಂಬ ಮಾತಿದೆ. ಸೂಜಿ ಅದೇ, ಮಾತ್ರೆ ಅದೇ, ಆದರೂ ಅವರ ಕೈಯಿಂದ ಬಂದರೆ ಬೇಗ ವಾಸಿ. ಇದು ನಮಗೆ ಮೂಢನಂಬಿಕೆಯಂತೆ ಕೇಳಿಸುತ್ತದೆ. ಸ್ವಲ್ಪ ಬಿಡಿಸಿ ನೋಡಿದರೆ ಹಾಗಲ್ಲ. ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕೋಣೆ, ಹೊರಗೆ ಮರದ ಬೆಂಚು, ಒಳಗೆ ಬಟ್ಟೆಯ ಪರದೆ. ಅಲ್ಲಿ ಕೂತಿರುವ ವೈದ್ಯರಿಗೆ ಗೊತ್ತಿರುವ ಸಂಗತಿಗಳು ಯಾವ ಫೈಲಿನಲ್ಲೂ ಇರುವುದಿಲ್ಲ. ಈ ಮನೆಯ ತಾತನಿಗೆ ಐವತ್ತಕ್ಕೇ ಲಕ್ವ ಹೊಡೆದಿತ್ತು, ಹಾಗಾಗಿ ಮಗನ ಬಿಪಿ ಮೂವತ್ತೈದರಿಂದಲೇ ನೋಡುತ್ತಿರಬೇಕು. ಆ ಅಜ್ಜಿಯ ಮಂಡಿ ನೋವು ಮಗ ಫೋನ್ ಮಾಡದ ವಾರ ಹೆಚ್ಚಾಗುತ್ತದೆ. ಈ ಹುಡುಗಿಗೆ ಇಂಥ ಇಂಜೆಕ್ಷನ್ ಆಗಿಬರುವುದಿಲ್ಲ. ಈ ರೈತನಿಗೆ ಅಡ್ಮಿಟ್ ಆಗು ಅಂದರೆ ಹಾಲು ಕರೆಯುವವರಿಲ್ಲ ಎಂದು ರಾತ್ರಿಯೇ ಎದ್ದು ಹೋಗುತ್ತಾನೆ, ಇವನಿಗೆ ಬೇರೆ ದಾರಿ ಹುಡುಕಬೇಕು. ಕೈಗುಣ ಅಂದರೆ ಬಹುಪಾಲು ಇದೇ: ವರ್ಷಗಟ್ಟಲೆ ಒಟ್ಟುಗೂಡಿದ ಪರಿಚಯ.

ಅವರ ಹತ್ತಿರ ಇನ್ನೊಂದು ಸಾಧನವೂ ಇತ್ತು. ‘ಮೂರು ದಿನ ನೋಡೋಣ, ಕಮ್ಮಿ ಆಗದಿದ್ರೆ ಬಾ’ ಎಂಬ ಮಾತು. ವೈದ್ಯಕೀಯದಲ್ಲಿ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಹೆಚ್ಚಿನ ಜ್ವರ, ಹೆಚ್ಚಿನ ಬೆನ್ನು ನೋವು, ಹೆಚ್ಚಿನ ಹೊಟ್ಟೆ ಕೆಡುವಿಕೆ ತಾವಾಗಿಯೇ ಇಳಿಯುತ್ತವೆ. ಇಳಿಯದವು ಮೂರು ದಿನದಲ್ಲಿ ತಮ್ಮ ನಿಜವಾದ ಮುಖ ತೋರಿಸುತ್ತವೆ. ಆದರೆ ಈ ಮಾತನ್ನು ಮತ್ತೆ ಸಿಗುವ ವೈದ್ಯರು ಮಾತ್ರ ಧೈರ್ಯವಾಗಿ ಹೇಳಬಲ್ಲರು. ನಿಮ್ಮನ್ನು ಮೊದಲ ಸಲ ನೋಡುತ್ತಿರುವ, ಇನ್ನೊಮ್ಮೆ ನೋಡುತ್ತಾರೋ ಇಲ್ಲವೋ ಗೊತ್ತಿಲ್ಲದ ವೈದ್ಯರು ಪಾಪ ಏನು ಮಾಡಿಯಾರು? ಎಲ್ಲ ಪರೀಕ್ಷೆಗಳನ್ನೂ ಒಂದೇ ಚೀಟಿಯಲ್ಲಿ ಬರೆದುಕೊಡುತ್ತಾರೆ. ಅದರಲ್ಲಿ ಎಲ್ಲವೂ ದುರಾಸೆ ಅಲ್ಲ, ಅರ್ಧ ಭಯ.

ನಮ್ಮ ವಯಸ್ಸಿನವರನ್ನೇ ನೋಡಿ. ಬೆಂಗಳೂರಿನ ಪಿ.ಜಿ.ಯಲ್ಲಿ ಇರುವವರಿಗೆ ಜ್ವರ ಬಂದರೆ ಕೆಳಗಿನ ಮೆಡಿಕಲ್ ಶಾಪೇ ಆಸ್ಪತ್ರೆ. ಎರಡು ದಿನ ಆ್ಯಂಟಿಬಯಾಟಿಕ್ ನುಂಗಿ, ಸ್ವಲ್ಪ ಸರಿಹೋದ ಕೂಡಲೇ ಬಿಡುತ್ತೇವೆ. ಮೊಡವೆಗೆ ಚರ್ಮದ ಡಾಕ್ಟರು, ಮುಟ್ಟು ತಪ್ಪಿದರೆ ಸ್ತ್ರೀರೋಗ ತಜ್ಞರು, ತೂಕ ಏರಿದರೆ ಜಿಮ್ ಟ್ರೇನರು, ಮಂಕಾದರೆ ಯಾರೂ ಇಲ್ಲ. ಈ ನಾಲ್ಕೂ ಒಂದೇ ಹುಡುಗಿಗೆ ಒಂದೇ ವರ್ಷದಲ್ಲಿ ಬಂದಿದ್ದರೆ ಅದು ಪಿಸಿಒಡಿ ಇರಬಹುದೇನೋ ಎಂದು ಯೋಚಿಸಲು, ನಾಲ್ಕನ್ನೂ ಒಟ್ಟಿಗೆ ಕೇಳಿಸಿಕೊಂಡ ಒಂದು ಕಿವಿ ಬೇಕಲ್ಲ? ಪರೀಕ್ಷೆಯ ಹಿಂದಿನ ರಾತ್ರಿ ಎದೆ ಡವಡವ ಎಂದು, ಉಸಿರು ಕಟ್ಟಿದಂತಾಗಿ ಕ್ಯಾಶುವಾಲ್ಟಿಗೆ ಓಡಿದವರು ನಿಮ್ಮ ಸ್ನೇಹಿತರಲ್ಲೂ ಇರುತ್ತಾರೆ. ಇಸಿಜಿ ನಾರ್ಮಲ್. ‘ಏನೂ ಇಲ್ಲ, ಹೋಗಿ’ ಅನ್ನುತ್ತಾರೆ. ಹೃದಯಕ್ಕೆ ಏನೂ ಇಲ್ಲ ನಿಜ. ಆದರೆ ಏನೋ ಇದೆ, ಮತ್ತು ಅದನ್ನು ಕೇಳುವುದು ಆ ರಾತ್ರಿ ಪಾಳಿಯ ವೈದ್ಯರ ಕೆಲಸ ಅಲ್ಲ.

ಇದೆಲ್ಲ ಹಳೆಯ ದಿನಗಳ ಹಂಬಲ ಎನ್ನುವವರಿಗೆ ನಾರ್ವೆಯ ಲೆಕ್ಕ ಇದೆ. ಅಲ್ಲಿ 2001ರಿಂದ ಪ್ರತಿಯೊಬ್ಬರೂ ಒಬ್ಬ ನಿರ್ದಿಷ್ಟ ವೈದ್ಯರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಒಂದೇ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರನ್ನು, ಒಂದು ವರ್ಷದಿಂದ ಮಾತ್ರ ಇದ್ದವರ ಜೊತೆ ಹೋಲಿಸಿದರೆ, ಹೊತ್ತಲ್ಲದ ಹೊತ್ತಿನಲ್ಲಿ ಚಿಕಿತ್ಸೆಗೆ ಓಡುವುದು ಶೇ 30ರಷ್ಟು, ತುರ್ತಾಗಿ ಆಸ್ಪತ್ರೆಗೆ ದಾಖಲಾಗುವುದು ಶೇ 28ರಷ್ಟು, ಸಾವಿನ ಸಾಧ್ಯತೆ ಶೇ 25ರಷ್ಟು ಕಡಿಮೆ ಇತ್ತು. ಎರಡು ಸಂಗತಿ ಜೊತೆಗಿವೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು ಎಂದು ಸಂಖ್ಯಾಶಾಸ್ತ್ರ ಓದಿದವರು ಹೇಳುತ್ತಾರೆ, ಸರಿಯೇ. ಆದರೆ ಪರಿಚಯದ ವರ್ಷಗಳು ಏರಿದಂತೆ ಲಾಭವೂ ಹಂತಹಂತವಾಗಿ ಏರಿದೆ. ಅದನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಕಷ್ಟ.

ನನಗೆ ಅದಕ್ಕಿಂತ ಹೆಚ್ಚು ಇಷ್ಟವಾಗುವುದು ವೇಲ್ಸ್‌ನ ಒಂದು ಹಳ್ಳಿಯ ಕಥೆ. ಗ್ಲಿನ್‌ಕೊರುಗ್ ಎಂಬ ಕಲ್ಲಿದ್ದಲು ಗಣಿಯ ಊರು, ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು 1960ರ ದಶಕದ ಆರಂಭದಲ್ಲಿ ಅಲ್ಲಿಗೆ ಹೋದವರು ಕಾಲು ಶತಮಾನಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದರು. ಕಾಯಿಲೆ ಎಂದು ಬಂದವರಿಗೆ ಔಷಧಿ ಕೊಟ್ಟು ಕಳಿಸಿದ್ದರೆ ಅವರ ಹೆಸರು ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅವರು ಮಾಡಿದ್ದು ಬಹಳ ಸರಳ ಕೆಲಸ: ಊರಿನ ವಯಸ್ಕರೆಲ್ಲರ ಬಿಪಿ ನೋಡಿದರು. ಬಿಪಿ ಏರಿದ್ದರೆ ನೋವಿಲ್ಲ, ಜ್ವರವಿಲ್ಲ, ಗೊತ್ತಾಗುವುದು ಲಕ್ವ ಹೊಡೆದಾಗ. ಹಾಗಾಗಿ ಬಾರದವರನ್ನೂ ಹುಡುಕಿ ನೋಡಬೇಕು ಎಂಬುದು ಅವರ ಪಟ್ಟು. ಯಾರು ಬಂದಿಲ್ಲ ಎಂದು ಗೊತ್ತಾಗಲು ಊರಿನ ಪೂರ್ತಿ ಪಟ್ಟಿ ಕೈಯಲ್ಲಿರಬೇಕು ತಾನೆ? ಬ್ರಿಟನ್ನಿನ ವ್ಯವಸ್ಥೆಯಲ್ಲಿ ಆ ಪಟ್ಟಿ ಇತ್ತು. 25 ವರ್ಷಗಳ ಬಳಿಕ, 1991ರಲ್ಲಿ ಅವರು ಲೆಕ್ಕ ಕೊಟ್ಟರು. ಅಷ್ಟೇ ಬಡತನದ ಪಕ್ಕದ ಊರಿಗೆ ಹೋಲಿಸಿದರೆ ಗ್ಲಿನ್‌ಕೊರುಗ್‌ನಲ್ಲಿ 65 ವರ್ಷದೊಳಗಿನ ಸಾವುಗಳು ಶೇ 28ರಷ್ಟು ಕಡಿಮೆ ಇದ್ದವು. ಅಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿರಲಿಲ್ಲ. ಅದೇ ವೈದ್ಯರು 1971ರಲ್ಲೇ ಒಂದು ಕಹಿ ನಿಯಮವನ್ನು ಬರೆದಿಟ್ಟಿದ್ದರು: ಒಳ್ಳೆಯ ವೈದ್ಯಕೀಯ ಆರೈಕೆ ಅತಿ ಹೆಚ್ಚು ಬೇಕಾದವರಿಗೇ ಅತಿ ಕಡಿಮೆ ಸಿಗುತ್ತದೆ, ಮಾರುಕಟ್ಟೆಗೆ ಬಿಟ್ಟಷ್ಟೂ ಅದು ಹೆಚ್ಚಾಗುತ್ತದೆ. ಕಲ್ಯಾಣ ಕರ್ನಾಟಕದ ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಓದುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ನಮ್ಮಲ್ಲಿಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇದು ಮೂರು ದಿನದ ಕಾಯಿಲೆಯಲ್ಲ, ಮೂವತ್ತು ವರ್ಷದ ಸಂಸಾರ. ಇದಕ್ಕೆ ಬೇಕಾದದ್ದು ತಿಂಗಳು ತಿಂಗಳೂ ಮುಖ ನೋಡಿ, ‘ಮಾತ್ರೆ ಯಾಕೆ ಬಿಟ್ಟೆ?’ ಎಂದು ಕೇಳುವವರು. ನಮ್ಮ ಹಣ ಎಲ್ಲಿಗೆ ಹೋಗುತ್ತಿದೆ? ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದರಿಂದ ಜೀವ ಉಳಿದ ಮನೆಗಳು ಎಷ್ಟೋ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯ ಹಾಸಿಗೆಗೆ ಕೊಡುವ ಹಣ. ಕಂಪನಿಗಳು ಕೊಡುವ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಅಷ್ಟೇ, ಅಡ್ಮಿಟ್ ಆದರೆ ಸರಿ, ಇಲ್ಲದಿದ್ದರೆ ಜೇಬಿನಿಂದ. ಶುಗರ್ ಹದ್ದುಬಸ್ತಿನಲ್ಲಿ ಇಡಲು ಬೇಕಾದ ಹದಿನೈದು ನಿಮಿಷದ ಮಾತುಕತೆಗೆ ಯಾರೂ ದುಡ್ಡು ಕೊಡುವುದಿಲ್ಲ, ಅದು ಕೈಮೀರಿ ಕಿಡ್ನಿ ಕೆಟ್ಟಾಗ ಲಕ್ಷಗಟ್ಟಲೆ ಕೊಡುತ್ತೇವೆ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ಸ್ವಂತ ಕೈಯಿಂದ ಹಾಕುತ್ತಿದ್ದಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, ಸರ್ಕಾರದ ಆರೋಗ್ಯ ವೆಚ್ಚ 2025ರ ಹೊತ್ತಿಗೆ ಜಿಡಿಪಿಯ ಶೇ 2.5 ಆಗಬೇಕು, ಅದರಲ್ಲಿ ಮೂರನೇ ಎರಡು ಭಾಗ ಪ್ರಾಥಮಿಕ ಆರೈಕೆಗೆ ಹೋಗಬೇಕು ಎಂದಿತ್ತು. 2021–22ರಲ್ಲಿ ಅದು ಶೇ 1.84 ಇತ್ತು.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಮಾತ್ರೆ ಉಚಿತವಾಗಿ ಸಿಗುತ್ತದೆ, ಅದನ್ನು ಮರೆಯಬಾರದು. ಮನೆಗೇ ಬಂದು ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ನಗರಗಳಲ್ಲಿ 2022ರಿಂದ ‘ನಮ್ಮ ಕ್ಲಿನಿಕ್’ ಬಂದಿವೆ. ಒಳ್ಳೆಯ ಹೆಜ್ಜೆಗಳೇ. ಆದರೆ ಬಯಲು ಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸರ್ಕಾರದ ಮಾನದಂಡ 30,000 ಜನ. ಮೂವತ್ತು ಸಾವಿರ ಜನರ ಮುಖ ಒಬ್ಬರೋ ಇಬ್ಬರೋ ವೈದ್ಯರಿಗೆ ನೆನಪಿರಲು ಸಾಧ್ಯವೇ? ಇನ್ನು ಗುತ್ತಿಗೆಯ ಮೇಲೆ ಬಂದ ವೈದ್ಯರು ಪಿಜಿ ಸೀಟು ಸಿಕ್ಕ ದಿನ ಹೊರಡುತ್ತಾರೆ, ಹೋಗಲೇಬೇಕು, ಅವರ ಬದುಕೂ ಇದೆಯಲ್ಲ. ಕಟ್ಟಡ ಉಳಿಯುತ್ತದೆ, ಬೋರ್ಡ್ ಉಳಿಯುತ್ತದೆ, ಪರಿಚಯ ಮಾತ್ರ ಪ್ರತಿ ಸಲ ಮೊದಲಿನಿಂದ ಶುರು.

ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಮಂಡ್ಯದ ಡಾ. ಶಂಕರೇಗೌಡರ ಹೆಸರು ತೆಗೆಯುತ್ತಾರೆ. ಐದು ರೂಪಾಯಿ ಡಾಕ್ಟರ್ ಎಂದೇ ಅವರು ನಾಡಿಗೆಲ್ಲ ಗೊತ್ತು. ಅವರ ಬಗ್ಗೆ ನನಗೂ ಅಪಾರ ಗೌರವ. ಆದರೆ ನಾವು ಅವರ ಫೋಟೊ ಸ್ಟೇಟಸ್‌ಗೆ ಹಾಕಿ, ‘ಎಲ್ಲ ಡಾಕ್ಟರೂ ಹೀಗಿದ್ದರೆ...’ ಎಂದು ಬರೆದು ಸುಮ್ಮನಾಗುತ್ತೇವೆ. ಅದು ಜಾಣತನದಿಂದ ಜವಾಬ್ದಾರಿ ಜಾರಿಸಿಕೊಳ್ಳುವ ದಾರಿ. ತ್ಯಾಗಿಗಳು ಬಂದಾರು ಎಂದು ಕಾಯುತ್ತಾ ನಾವು ರಸ್ತೆ ಕಟ್ಟುವುದಿಲ್ಲ, ಎಂಜಿನಿಯರಿಗೆ ಸಂಬಳ ಕೊಡುತ್ತೇವೆ. ಶಾಲೆ ನಡೆಸುವುದಿಲ್ಲ, ಮೇಷ್ಟ್ರಿಗೆ ಸಂಬಳ ಕೊಡುತ್ತೇವೆ. ವೈದ್ಯರ ವಿಷಯದಲ್ಲಿ ಮಾತ್ರ ದೇವರು ಬೇಕು ಎನ್ನುತ್ತೇವೆ.

ಈಗಷ್ಟೇ ಎಂಬಿಬಿಎಸ್ ಮುಗಿಸಿದ ನಿಮ್ಮ ಅಕ್ಕನನ್ನೋ ಸೀನಿಯರನ್ನೋ ಕೇಳಿ ನೋಡಿ, ಊರಿನಲ್ಲಿ ಕ್ಲಿನಿಕ್ ಹಾಕುತ್ತೀಯಾ ಎಂದು. ಖಾಸಗಿ ಕಾಲೇಜಿನಲ್ಲಿ ಓದಿದ್ದರೆ ತಲೆಯ ಮೇಲೆ ಸಾಲ. ಕ್ಲಿನಿಕ್ಕಿಗೆ ಬಾಡಿಗೆ, ಮುಂಗಡ, ಒಬ್ಬರು ನರ್ಸ್, ಕೆಪಿಎಂಇ ನೋಂದಣಿ, ಬಳಸಿದ ಸೂಜಿ ಹತ್ತಿ ವಿಲೇವಾರಿಗೆ ಪ್ರತ್ಯೇಕ ಖರ್ಚು. ಇದೆಲ್ಲ ಬರಬೇಕಾದದ್ದು ನೂರು, ನೂರೈವತ್ತು ರೂಪಾಯಿ ಫೀಸಿನಿಂದ. ಅಂದರೆ ದಿನಕ್ಕೆ ಎಷ್ಟು ತಲೆ ನೋಡಬೇಕು, ಒಬ್ಬೊಬ್ಬರಿಗೆ ಎಷ್ಟು ನಿಮಿಷ ಸಿಗುತ್ತದೆ? ಹೆಚ್ಚು ಹೊತ್ತು ಮಾತಾಡಿದ ವೈದ್ಯರಿಗೆ ಕಡಿಮೆ ಸಂಪಾದನೆ. ‘ಬರೀ ಎಂಬಿಬಿಎಸ್ಸಾ?’ ಎನ್ನುವ ಸಮಾಜ ಬೇರೆ. ಕುಟುಂಬ ವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಎಂಬ ಪ್ರತ್ಯೇಕ ಸ್ನಾತಕೋತ್ತರ ಓದು ನಮ್ಮ ದೇಶದಲ್ಲೂ ಇದೆ ಎಂಬುದು ನೀಟ್ ಬರೆಯುವ ಎಷ್ಟು ಜನರಿಗೆ ಗೊತ್ತು? ಕೆಎಎಸ್, ಪಿಎಸ್‌ಐ ಪರೀಕ್ಷೆಗೆಂದು ವಿಜಯನಗರ, ಧಾರವಾಡದ ಕೋಣೆಗಳಲ್ಲಿ ನಮ್ಮ ಗೆಳೆಯರು ವರ್ಷಗಟ್ಟಲೆ ಕೂತಿರುವಂತೆಯೇ, ರೋಗಿಗಳನ್ನು ನೋಡಬೇಕಾದ ವಯಸ್ಸಿನ ವೈದ್ಯರು ನೀಟ್ ಪಿಜಿ ಎಂದು ಪುಸ್ತಕದ ಮುಂದೆ ಕೂತಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ.

ಚಿಕಿತ್ಸೆ ಉಚಿತ ಎಂದು ಘೋಷಿಸಿದರೆ ಸಾಕೇ? ಕೆನಡಾ ನೋಡಿದರೆ ಸಾಲದು ಎನಿಸುತ್ತದೆ. ಅಲ್ಲಿ ವೈದ್ಯರನ್ನು ಕಾಣಲು ನಾಗರಿಕರು ಫೀಸು ಕೊಡಬೇಕಿಲ್ಲ, ಸರ್ಕಾರವೇ ಕೊಡುತ್ತದೆ. ಆದರೂ 2022ರ ಸಮೀಕ್ಷೆಯೊಂದರ ಪ್ರಕಾರ ಐವರು ವಯಸ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ, ಅಂದರೆ ಸುಮಾರು 65 ಲಕ್ಷ ಜನರಿಗೆ, ತಮ್ಮದೇ ಎಂಬ ವೈದ್ಯರಿಲ್ಲ. ಓದಲು ಅಲ್ಲಿಗೆ ಹೋದ ನಮ್ಮವರಿಗೂ ಇದರ ಬಿಸಿ ತಟ್ಟುತ್ತದೆ, ಸಣ್ಣ ಸಮಸ್ಯೆಗೂ ಅಪರಿಚಿತರ ಕ್ಲಿನಿಕ್ಕಿನಲ್ಲೋ ತುರ್ತು ಘಟಕದಲ್ಲೋ ಗಂಟೆಗಟ್ಟಲೆ ಕಾಯಬೇಕು. ನೆಗಡಿಗೂ, ಆರು ಕಾಯಿಲೆಯ ವೃದ್ಧರಿಗೂ ಹೆಚ್ಚು ಕಡಿಮೆ ಒಂದೇ ಫೀಸು ಎಂಬ ಪದ್ಧತಿಯಲ್ಲಿ, ಬಾಡಿಗೆ ಏರಿದಂತೆ ವೈದ್ಯರು ಕುಟುಂಬ ವೈದ್ಯಕೀಯ ಬಿಟ್ಟು ಬೇರೆ ಕಡೆ ಹೊರಟರು. ಕೊನೆಗೆ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2023ರ ಫೆಬ್ರುವರಿಯಲ್ಲಿ ಲೆಕ್ಕದ ರೀತಿಯನ್ನೇ ಬದಲಿಸಿತು. ರೋಗಿಯ ಜೊತೆ ಕಳೆದ ಸಮಯಕ್ಕೆ, ರಿಪೋರ್ಟ್ ಓದುವ ಸಮಯಕ್ಕೆ, ಪಟ್ಟಿಯಲ್ಲಿ ಎಷ್ಟು ಜನ, ಅವರ ಕಾಯಿಲೆಗಳು ಎಷ್ಟು ಜಟಿಲ ಎಂಬುದಕ್ಕೆ ಹಣ. ಪರಿಚಯಕ್ಕೂ ಬೆಲೆ ಕಟ್ಟಬಹುದು ಎಂದಾಯಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇಲ್ಲಿ ಸರಿಯಾಗಿ ಹೊಂದುತ್ತದೆ. ಕೆನಡಾ, ನಾರ್ವೆ ಎಂದು ಹುಡುಕುವ ನಾವು ನಮ್ಮ ಸಂಬಳದ ಚೀಟಿಯನ್ನೇ ಓದಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಉದ್ಯೋಗಿಗಳು ಇಎಸ್ಐ ವ್ಯಾಪ್ತಿಗೆ ಬರುತ್ತಾರೆ. ಮೊದಲ ಕೆಲಸ ಸಿಕ್ಕವರಲ್ಲಿ ಬಹಳ ಮಂದಿ ಇದೇ ಗುಂಪು. ಸಂಬಳದ ಶೇ 0.75 ನಿಮ್ಮದು, ಶೇ 3.25 ಮಾಲೀಕರದು. 18,000 ಸಂಬಳ ಇದ್ದರೆ ನಿಮ್ಮ ಕಡಿತ 135 ರೂಪಾಯಿ, ಅವರದು 585. ಇಎಸ್ಐ ಕಾಯ್ದೆ ಬಂದದ್ದು 1948ರಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದ ವರ್ಷವೇ. ಆಸ್ಪತ್ರೆ ದಾಖಲಾತಿ ಮಾತ್ರವಲ್ಲ, ಹೊರರೋಗಿ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ಅಷ್ಟೇ ಅಲ್ಲ, ಕೆಲವು ರಾಜ್ಯಗಳಲ್ಲಿ ‘ಪ್ಯಾನೆಲ್ ಡಾಕ್ಟರ್’ ಎಂಬ ಏರ್ಪಾಡು ಇದೆ. ಬಡಾವಣೆಯ ಖಾಸಗಿ ವೈದ್ಯರು ಇಂತಿಷ್ಟು ಕಾರ್ಮಿಕ ಕುಟುಂಬಗಳನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ, ಕುಟುಂಬಕ್ಕೆ ವರ್ಷಕ್ಕೆ ಇಷ್ಟು ಎಂದು ನಿಗಮ ಹಣ ಕೊಡುತ್ತದೆ. ಬಂದರೂ ಸರಿ, ಬಾರದಿದ್ದರೂ ಸರಿ. ಜನ ಆರೋಗ್ಯವಾಗಿದ್ದರೆ ವೈದ್ಯರಿಗೆ ನಷ್ಟವಿಲ್ಲ. 2002ರಲ್ಲಿ ಎಲ್ಲರಿಗೂ ಆರೋಗ್ಯ ಸೇವೆ ಜಾರಿಗೆ ತಂದ ಥಾಯ್ಲೆಂಡ್ ಕೂಡ ಹೊರರೋಗಿ ಚಿಕಿತ್ಸೆಗೆ ತಲೆ ಲೆಕ್ಕದ ಪದ್ಧತಿಯನ್ನೇ ಹಿಡಿಯಿತು.

ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಬಂದಷ್ಟು ಸಲ ಫೀಸು ಎಂದರೆ ಬೇಡದ್ದನ್ನೂ ಮಾಡುವ ಆಸೆ, ತಲೆಗಿಷ್ಟು ಎಂದರೆ ಬೇಕಾದ್ದನ್ನೂ ಮಾಡದಿರುವ ಸೋಮಾರಿತನ. ಅದಕ್ಕೇ ನಾರ್ವೆಯಲ್ಲಿ ಎರಡನ್ನೂ ಬೆರೆಸಿದ್ದಾರೆ. ವೈದ್ಯರು ಇಷ್ಟವಾಗದಿದ್ದರೆ ಪಟ್ಟಿ ಬದಲಿಸುವ ಹಕ್ಕು ಜನರಿಗಿರಬೇಕು. ಬಿಪಿ ಇರುವವರಲ್ಲಿ ಎಷ್ಟು ಮಂದಿಯದು ಹತೋಟಿಯಲ್ಲಿದೆ ಎಂಬ ಲೆಕ್ಕವನ್ನು ಪ್ರತಿ ವರ್ಷ ಕೇಳಬೇಕು.

ನಾನೇ ಒಂದು ಒರಟು ಲೆಕ್ಕ ಹಾಕಿ ನೋಡಿದೆ. ಒಬ್ಬರಿಗೆ ತಿಂಗಳಿಗೆ 50 ರೂಪಾಯಿ, ನಮ್ಮ ಮೊಬೈಲ್ ರೀಚಾರ್ಜ್‌ಗಿಂತ ಕಡಿಮೆ. ವರ್ಷಕ್ಕೆ 600. ಒಬ್ಬ ವೈದ್ಯರ ಪಟ್ಟಿಯಲ್ಲಿ 3,000 ಜನ ಎಂದುಕೊಂಡರೆ ವರ್ಷಕ್ಕೆ 18 ಲಕ್ಷ, ತಿಂಗಳಿಗೆ ಒಂದೂವರೆ ಲಕ್ಷ. ಅದರಲ್ಲಿ ವೈದ್ಯರಿಗೆ 90 ಸಾವಿರ, ನರ್ಸ್‌ಗೆ 25 ಸಾವಿರ, ಬಾಡಿಗೆಗೆ 20 ಸಾವಿರ, ಶುಗರ್ ಪಟ್ಟಿ, ಕರೆಂಟು, ಇಂಟರ್ನೆಟ್ ಎಂದು 15 ಸಾವಿರ. ರಾಜ್ಯದ ಜನಸಂಖ್ಯೆ ಏಳು ಕೋಟಿ ಎಂದಿಟ್ಟುಕೊಂಡರೆ ಒಟ್ಟು 4,200 ಕೋಟಿ ರೂಪಾಯಿ. ಬೇಕಾಗುವ ವೈದ್ಯರು 23 ಸಾವಿರದಷ್ಟು. ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಎಂಬಿಬಿಎಸ್ ಸೀಟುಗಳಿರುವ ರಾಜ್ಯ ನಮ್ಮದು. ಔಷಧಿ ಖರ್ಚನ್ನು ಇದರಲ್ಲಿ ಸೇರಿಸಿಲ್ಲ, ಹಳ್ಳಿಗೆ ಹೋಗುವವರಿಗೆ ಹೆಚ್ಚುವರಿ ಭತ್ಯೆಯನ್ನೂ ಸೇರಿಸಿಲ್ಲ. ಅರ್ಥಶಾಸ್ತ್ರ ಓದುತ್ತಿರುವವರು ತಿದ್ದುವುದಿದ್ದರೆ ತಿದ್ದಿ, ಮುಂದಿನ ಬಜೆಟ್ ಚರ್ಚೆಗೆ ಮುಂಚೆ ನಿಮ್ಮ ಶಾಸಕರಿಗೂ ಒಂದು ಪ್ರತಿ ಕಳಿಸಿ.